ಕಾಲು ಸುತ್ತು

ರಮಾಬಾಯಿಯನ್ನು ಕೆಲಸದಿಂದ ಕಿತ್ತುಹಾಕಿಸಲೇಬೇಕು ಎಂದು ಮಹೇಶಕುಮಾರ ನಿರ್ಧರಿಸಿದ್ದು ಅತ್ತೆಯ ಮುಂದೆ ಆದ ಅವಮಾನದಿಂದ.

ಶಹಾಬಾದಿಗೂ ವಾಡಿಗೂ ನಡುವೆ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯಲ್ಲಿ ಎದ್ದಿದ್ದ ‘ನೀಲಿಗಲ್ಲು ಮೋಜಿನ ಲೋಕ’ಕ್ಕೆ ಅವನು ಮ್ಯಾನೇಜರ್. ನೀರು ತುಂಬಿದ ಆಳವಾದ ಗುಂಡಿಯ ಅಂಚಿನಲ್ಲೇ ಸುತ್ತುವ ಪುಟಾಣಿ ರೈಲು ಅಲ್ಲಿಯ ದೊಡ್ಡ ಆಕರ್ಷಣೆ. ಯುಗಾದಿಯ ಮರುದಿನ ಸೇಡಂನಿಂದ ಬಂದ ಅತ್ತೆಯನ್ನು ಮೊದಲ ಡಬ್ಬಿಯಲ್ಲಿ ಕೂರಿಸಿ, ತಾನೇ ಠೀವಿಯಿಂದ ಹಸಿರು ಬಾವುಟ ಎತ್ತಿದ್ದ. ರೈಲಿನ ಸುರಕ್ಷತೆ ನೋಡಿಕೊಳ್ಳುವ ರಮಾಬಾಯಿ ಸೀದಾ ಬಂದು ಹಳಿಯ ಮೇಲೆ ನಿಂತುಬಿಟ್ಟಳು.

“ಬಾಗಲಾ ಚಿಲಕ ಹಿಡ್ಯಾಕತ್ತಿಲ್ರಿ. ಎಲ್ಲಾರೂ ಇಳೀರಿ.”

“ಒಂದ್ ಸುತ್ತಿಗಿ ಏನಾಗ್ತದ? ನಮ್ಮ ಅತ್ತಿ ಅದಾರ ಒಳಗ.”

“ಟಿಕೇಟಿನ ರೊಕ್ಕ ಆದ್ರ ವಾಪಸ್ ಕೊಡಬಹುದ್ರಿ ಸಾಹೇಬ್ರ. ಅತ್ತಿನ್ನ ಎಲ್ಲಿಂದ ತಂದು ಕೊಡ್ಲಿ?”

ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಇಳಿದರು. ಇಳಿದವರೇ ಅಳಿಯನ ಮುಖ ನೋಡಿ, “ಇಲ್ಲಿ ಮ್ಯಾನೇಜರ್ ಈಕಿ ಏನ್ರಿ?” ಎಂದರು. ಆ ಪ್ರಶ್ನೆ ಅವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಅವನು ಕೆಟ್ಟವನಲ್ಲ ಎಂಬುದು ಅವನ ದೃಢ ನಂಬಿಕೆ. ಯಾರಿಗೂ ಒಂದು ಗೀರೂ ಬೀಳಬಾರದು ಎಂಬ ಷರತ್ತನ್ನು ತನಗೆ ತಾನೇ ಹಾಕಿಕೊಂಡು, ಎರಡು ವಾರ ಕೂತು ಯೋಜನೆ ಹೆಣೆದ. ರಮಾಬಾಯಿ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಬಂದು ಗಾಲಿಯ ಒಂದೊಂದು ನಟ್ಟನ್ನೂ ಬಿಗಿದು, ನಟ್ಟಿನಿಂದ ಗಾಲಿಯವರೆಗೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದಳು. ಗೆರೆ ತುಂಡಾದರೆ ನಟ್ಟು ಅಲುಗಿದೆ ಎಂದರ್ಥ. ಒಳ್ಳೆಯದೇ ಆಯಿತು ಎಂದುಕೊಂಡ ಮಹೇಶಕುಮಾರ. ಅವಳ ಗೆರೆಯೇ ಅವಳ ವಿರುದ್ಧ ಸಾಕ್ಷಿ ಹೇಳುತ್ತದೆ. ಜಿಲ್ಲೆಯಿಂದ ತಪಾಸಣೆ ಅಧಿಕಾರಿ ಬರುವ ದಿನ ಒಂದೇ ಒಂದು ನಟ್ಟನ್ನು ಕಾಲು ಸುತ್ತು ಸಡಿಲಿಸುವುದು. ಖಾಲಿ ರೈಲನ್ನು ಒಮ್ಮೆ ಓಡಿಸುವುದು. ಓಡಾಟಕ್ಕೇ ಸಡಿಲಾಯಿತು, ಈಕೆ ಸರಿಯಾಗಿ ಬಿಗಿದಿರಲಿಲ್ಲ ಎಂದು ಎಲ್ಲರೂ ತಿಳಿಯುತ್ತಾರೆ. ಆಮೇಲೆ ಮಕ್ಕಳು ಹತ್ತಿ ಕೂತ ಕ್ಷಣಕ್ಕೆ ತಾನೇ ಕೆಂಪು ಬಾವುಟ ಹಿಡಿದು ಓಡಿಬರುವುದು. ಅವಳಿಗೆ ಮನೆ ದಾರಿ, ತನಗೆ ಪ್ರಾಣ ಉಳಿಸಿದವನೆಂಬ ಹೆಸರು.

ಆ ದಿನ ಬಂತು. ಎಂಟೂವರೆಗೆ ರಮಾಬಾಯಿ ಸುಸಲಾ ತಿನ್ನಲು ಹೋದಳು. ಮಹೇಶಕುಮಾರ ಎಂಜಿನ್ನಿನ ಎಡಗಡೆಗೆ ನುಸುಳಿದ. ಬಲಗಡೆ ಪ್ಲಾಟ್‌ಫಾರ್ಮಿಗೆ ಎದುರಾಗಿತ್ತು, ಎಡಗಡೆ ನೀರಿನ ಕಡೆಗೆ. ಅಲ್ಲಿ ನೋಡುವವರು ಕಪ್ಪೆಗಳು ಮಾತ್ರ. ಎಂ.ಕಾಂ. ಓದಿದ ಕೈಗೆ ನಟ್ಟು ತಿರುಗಿಸುವ ಪಾನಾ ಹೊಸದಾಗಿದ್ದರೂ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂಬಷ್ಟು ಜ್ಞಾನ ಮನೆಯ ನಲ್ಲಿಯಿಂದಲೇ ಬಂದಿತ್ತು. ನಟ್ಟು ಮಾತ್ರ ಮಹಾ ಮೊಂಡು. ಹಲ್ಲು ಕಚ್ಚಿ, ಕಾಲು ಊರಿ, ಮೈಭಾರವನ್ನೆಲ್ಲ ಹಾಕಿದ ಮೇಲೆ ಕಿರ್‌ ಎಂದು ಕಾಲು ಸುತ್ತು ಸರಿಯಿತು. ‘ರಾಕ್ಷಸಿ, ಎಷ್ಟು ಬಿಗಿದಾಳ!’ ಎಂದು ಶಪಿಸುತ್ತ ಬೆವರು ಒರೆಸಿಕೊಂಡ. ಒಂಬತ್ತೂವರೆಗೆ ಖಾಲಿ ರೈಲನ್ನು ಒಂದು ಸುತ್ತು ಓಡಿಸಿಯೂ ಆಯಿತು.

ಹತ್ತಕ್ಕೆ ಮೋಜಿನ ಲೋಕದ ಮಾಲಕಿ ರಾಜೇಶ್ವರಿ, ತಪಾಸಣೆ ಅಧಿಕಾರಿ ಅಬ್ದುಲ್ ಕರೀಮ್ ಅವರನ್ನು ಕರೆದುಕೊಂಡು ಬಂದರು. ನಾಲವಾರದ ಶಾಲೆಯ ನಲವತ್ತು ಮಕ್ಕಳು ಗಲಾಟೆ ಮಾಡುತ್ತ ಹತ್ತಿದರು. ಸೀಟಿ ಊದುವಷ್ಟರಲ್ಲಿ ಕೆಂಪು ಬಾವುಟ ಹಾರಿತು.

“ನಿಲ್ಲಿಸ್ರಿ! ಎಡಗಡಿ ಗಾಲಿದು ಹಳದಿ ಗೆರಿ ತುಂಡಾಗೇದ! ನಟ್ ಸಡಲ ಆಗೇದ!”

ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಕ್ಕಿಂತಲೂ ಚೆನ್ನಾಗಿ ಬಂತು. ರಾಜೇಶ್ವರಿ ಬಿಳಿಚಿಕೊಂಡು ರಮಾಬಾಯಿಯ ಕಡೆ ತಿರುಗಿದರು. “ಇದೇನವಾ ನಿನ್ನ ಕೆಲಸ? ಈ ಕೂಸುಗಳು ನೀರಾಗ ಬಿದ್ದಿದ್ರ?”

“ಮೊದಲ ಕೂಸುಗಳನ್ನ ಇಳಸ್ರಿ, ಆಮ್ಯಾಲ ನನ್ನ ಕೇಳ್ರಿ,” ಎಂದಳು ರಮಾಬಾಯಿ. ಕೊನೆಯ ಮಗು ಇಳಿಯುವವರೆಗೂ ಅವಳು ಕದಲಲಿಲ್ಲ. ಈ ಹೆಂಗಸಿಗೆ ಒಳ್ಳೆಯ ಕೆಲಸ ಬೇರೆಲ್ಲಾದರೂ ಸಿಗಲಿ ಎಂದು ಮಹೇಶಕುಮಾರ ಉದಾರವಾಗಿ ಹಾರೈಸಿದ.

ರಮಾಬಾಯಿ ಎಡಗಡೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. ತುಂಡಾದ ಹಳದಿ ಗೆರೆಯನ್ನು ಬಹಳ ಹೊತ್ತು ನೋಡಿ, ಪಾನಾ ಹಾಕಿ ಜಗ್ಗಿದಳು. ಅಬ್ದುಲ್ ಕರೀಮ್ ಕೂಡ ಜಗ್ಗಿದರು. “ಸಡಲ ಎಲ್ಲದ ಇದು? ಇರಬೇಕಾದ್ದಕ್ಕಿಂತ ಬಿಗಿ ಅದಲ್ರಿ!” ಎಂದರು. ಎರಡು ವಾರದ ಶ್ರಮವನ್ನು ಹೀಗೆ ಒಂದು ಮಾತಿನಲ್ಲಿ ಅಳಿಸಿಹಾಕಿದ್ದು ಮಹೇಶಕುಮಾರನಿಗೆ ಸಹಿಸಲಾಗಲಿಲ್ಲ. “ಸಾಧ್ಯನ ಇಲ್ಲ!” ಎಂದು ಕೂಗಿದ. “ನಾನ ನನ್ನ ಕೈಲಿ ಕಾಲು ಸುತ್ತು ಎಡಕ್ಕ ತಿರುವೀನಿ—” ಮಾತು ಅಲ್ಲೇ ನಿಂತಿತು. ರಾಜೇಶ್ವರಿ ಅವನ ಕಡೆ ತಿರುಗಿದರು. ರಮಾಬಾಯಿ ಎದ್ದು ನಿಂತು, ಕೈಗಂಟಿದ ಗ್ರೀಸನ್ನು ಅರಿವೆಗೆ ಒರೆಸಿಕೊಂಡಳು. “ಎಡಕ್ಕ ತಿರುವಿದ್ರ ಬಲಗಡಿ ಗಾಲಿದು ಬಿಚ್ಚತದ್ರಿ ಸಾಹೇಬ್ರ,” ಎಂದಳು, ಪಾಠ ಹೇಳುವವಳ ತಾಳ್ಮೆಯಿಂದ. “ಓಡ್ತಾ ಓಡ್ತಾ ತಾನಾಗಿ ಸಡಲ ಆಗಬಾರದಂತ ಈ ಎಂಜಿನ್ನಿಗಿ ಎಡಗಡಿ ನಟ್ಟಿನ ಥ್ರೆಡ್ ಉಲ್ಟಾ ಕೊಟ್ಟಿರ್ತಾರ.”