ಹೆಗಲ ಹಿಂದಿನ ಮುಖ

ಇದು ಸಾತಾರಾದ ನನ್ನ ವಕೀಲಿ ಕಚೇರಿಯಲ್ಲಿ ಹಾಡಹಗಲೇ ನಡೆದದ್ದು. ಹೊಸ ಹಗುರ ಲ್ಯಾಪ್‌ಟಾಪಿಗೆ ಕಕ್ಷಿದಾರರ ಗುಟ್ಟು ಕಾಯುವ ಸಾಫ್ಟ್‌ವೇರ್ ಹಾಕಿದ್ದೆ. ನಂಬಿದ ಮುಖ ಎದುರಿಗಿಲ್ಲದಿದ್ದರೆ ಅದು ಬೀಗ ಹಾಕಿಕೊಳ್ಳುತ್ತದೆ. ಹೆಗಲ ಹಿಂದೆ ಬೇರೆ ಮುಖ ಇಣುಕಿದರೆ ಪರದೆ ಕಪ್ಪಾಗುತ್ತದೆ.

ಬೆಳಗಿನಿಂದ ಬರೀ ಕಪ್ಪು. ಮಧ್ಯಾಹ್ನ ವಿಚ್ಛೇದನದ ವಿಚಾರಣೆ, ಅರ್ಜಿಯ ಒಂದು ಸಾಲೂ ಟೈಪಾಗಿರಲಿಲ್ಲ.

“ಹಿಂದ ದೊಡ್ಡ ಸಾಹೇಬ್ರ ಫೋಟೋ ಐತಲ್ರಿ ಬಾಯಿಸಾಹೇಬ್ರ, ಅದನ್ನ ಮನುಷ್ಯಾ ಅಂತ ತಿಳದೈತಿ!” ಎಂದು ಗುಮಾಸ್ತ ತಾತ್ಯಾ ನಕ್ಕರು.

ತೀರಿಹೋದ ನನ್ನ ಸೀನಿಯರ್ ನಿಂಬಾಳ್ಕರ್ ಸಾಹೇಬರ ಫೋಟೋವನ್ನು, ನಮ್ಮಲ್ಲಿನ ಜೂನಿಯರ್‌ಗಳೆಲ್ಲ ಮಾಡುವಂತೆ, ಹಾರ ಹಾಕಿ ಕುರ್ಚಿಯ ಹಿಂದೆ ತೂಗುಹಾಕಿದ್ದೆ. ಬದುಕಿದ್ದಾಗಲೂ ಅವರು ನಶ್ಯ ಏರಿಸುತ್ತ ನನ್ನ ಹಿಂದೆ ನಿಂತೇ ಕರಡು ಓದುತ್ತಿದ್ದರು.

ಫೋಟೋ ಇಳಿಸಿ ಕಪಾಟಿನಲ್ಲಿಟ್ಟೆ. ಪರದೆ ಮತ್ತೆ ಕಪ್ಪಾಯಿತು. ಕುರ್ಚಿಯನ್ನು ಗೋಡೆಗೆ ಒತ್ತಿ ಕೂತೆ. ಆಗಲೂ ಕಪ್ಪು. ಕುತ್ತಿಗೆಯ ಹಿಂದೆ ಒಂದೇ ಕಡೆ ತಣ್ಣಗಾಗುತ್ತಿತ್ತು.

“ತಾತ್ಯಾ, ನಶ್ಯದ ಘಾಟು ಬರ್ತಿದೆ, ಯಾವಾಗ ಶುರು ಮಾಡಿದ್ರಿ?”

“ನಾನಾ? ಅದರ ಡಬ್ಬಿ ಕಂಡ್ರ ಸೀನು ಬರ್ತಾವ ನನಗ.”

ತಲೆ ಕೆಟ್ಟುಹೋಗಿತ್ತು. ‘ಹಿಂದಿರುವ ವ್ಯಕ್ತಿಯನ್ನು ನಂಬುತ್ತೀರಾ?’ ಎಂದು ಸಾಫ್ಟ್‌ವೇರ್ ನೂರನೇ ಸಲ ಕೇಳಿದಾಗ, ಹಾಳಾಗಿ ಹೋಗಲಿ ಎಂದು ‘ಹೌದು’ ಒತ್ತಿಬಿಟ್ಟೆ. ಪರದೆ ತಿಳಿಯಾಯಿತು. ಅರ್ಜಿ ಮುಗಿಸಿ ಪ್ರಿಂಟ್ ತೆಗೆದು, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದೇ ಬಿಟ್ಟು, ಕಚೇರಿಗೆ ಬೀಗ ಜಡಿದು, ತಾತ್ಯಾ ಜೊತೆ ಕೋರ್ಟಿಗೆ ಓಡಿದೆ.

ಸಂಜೆ ಬಾಗಿಲ ಬೀಗ ನಾನೇ ತೆಗೆದೆ. ಖಾಲಿ ಕುರ್ಚಿಯ ಎದುರು ಲ್ಯಾಪ್‌ಟಾಪ್ ಬೆಳಗುತ್ತಿತ್ತು. ಅದು ಬೀಗ ಹಾಕಿಕೊಂಡೇ ಇರಲಿಲ್ಲ.