ಜಗಲಿಯ ಮೇಲೊಂದು ಸುಣ್ಣದ ಗೆರೆ

"ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

ಹಾಲೇಶ್ ಸುಣ್ಣದ ಡಬ್ಬಿ ಹಿಡಿದುಕೊಂಡೇ ತಿರುಗಿ ನೋಡಿದ. ಬಾಗಿಲಲ್ಲಿ ಒಬ್ಬಳು ಪೊರಕೆ ಹಿಡಿದು ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಸೆರಗಿಗೆ ಚುಚ್ಚಿದ ಸೂಜಿ. ಮುಖ ನೋಡಿದರೆ ಇವತ್ತು ಯಾರಿಗೋ ಕಾದಿದೆ ಅನ್ನಿಸುತ್ತಿತ್ತು.

"ಸರ್ವೆ ಗೆರೆ ಮೇಡಂ. ಊರಿಗೆ ಹೊಸ ಯೋಜನೆ ಮಾಡ್ತಿದೀವಿ. ಗ್ರಾಮಸಭೆ ಒಪ್ಪಿದ ಮೇಲೆ ಡ್ರೋನ್ ಬರ್ತೈತೆ. ಯಾರ ಜಾಗ ಎಲ್ಲಿವರೆಗೆ ಅಂತ ಮೇಲಿಂದ ಕಾಣಬೇಕಲ್ರೀ, ಅದಕ್ಕೆ..."

"ನನ್ನ ಜಾಗ ಜಗಲಿ ತುದಿವರೆಗೆ ಐತೆ. ನೀವು ಗೋಡೆ ಬುಡಕ್ಕೆ ಹಾಕಿದೀರಿ. ಅಂದ್ರೆ ಜಗಲಿ ನಂದಲ್ಲ, ನಾಳೆ ಕೆಡವಿ ರಸ್ತೆ ಮಾಡ್ತೀರಿ."

"ಅಲ್ಲ ಮೇಡಂ, ಪೂರ್ತಿ ಕೇಳ್ರಿ..."

ಕೇಳುವವರು ಯಾರು? ಪೊರಕೆ ಸರಸರನೆ ಆಡಿತು. ಅವನು ಬೆನ್ನು ನೋಯಿಸಿಕೊಂಡು ಎಳೆದಿದ್ದ ಗೆರೆ ಅವನ ಪ್ಯಾಂಟಿನ ಮೇಲೆಯೇ ಬಂದು ಬಿತ್ತು. ಜಗಲಿಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ಸೊಪ್ಪಿನ ಅಂಜಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಹಾಲೇಶ್ ಪ್ಯಾಂಟು ಕೊಡವಿಕೊಂಡ. ಜಗಳಕ್ಕೆ ನಿಲ್ಲುವ ಮನುಷ್ಯ ಅವನಲ್ಲ. ಸುಮ್ಮನೆ ಮುಂದಿನ ಮನೆಗೆ ನಡೆದ.

ಗೆದ್ದೆ ಅಂದುಕೊಂಡು ಒಳಗೆ ಬಂದ ಪ್ರಮೀಳಾ ಪೊರಕೆಯನ್ನು ಮೂಲೆಗೆ ಎಸೆದಳು.

ಒಂದು ಕಲ್ಲಿನ ಜಗಲಿಗೆ ಇಷ್ಟೊಂದು ಸಿಟ್ಟೇ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ಸಾಸ್ವೆಹಳ್ಳಿ ದಾಟಿ ಹೊಳೆಯ ಕಡೆ ಹೋದರೆ ಸಿಗುವ ಬೆಣಚಿನಹಳ್ಳಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಜಗಲಿ ಇತ್ತು. ಈಗ ಕೆಲವು ಶಟರ್ ಅಂಗಡಿಗಳಾಗಿವೆ, ಕೆಲವಕ್ಕೆ ಗ್ರಿಲ್ ಬಿದ್ದಿದೆ, ಉಳಿದವು ಕಾಂಪೌಂಡಿನೊಳಗೆ ಸೇರಿಹೋಗಿವೆ. ಆ ಬೀದಿಯಲ್ಲಿ ಉಳಿದಿರುವುದು ಪ್ರಮೀಳಾಳ ಮನೆಯದೊಂದೇ. ಹೊನ್ನಾಳಿ ಬಸ್ಸು ನಿಲ್ಲುವುದು ಅದರ ಎದುರಿಗೇ. ಹೀಗಾಗಿ ಊರಿನವರೆಲ್ಲ ಬಂದು ಕೂರುವುದು, ಹರಟುವುದು, ಚೀಲ ಇಟ್ಟು ಹೋಗುವುದು ಎಲ್ಲ ಅಲ್ಲೇ.

ಪ್ರಮೀಳಾ ಅಲ್ಲಿ ಕೂತವಳಲ್ಲ. ಅವಳು ಕಿಟಕಿಯ ಒಳಗೆ, ಹೊಲಿಗೆ ಮಿಷನ್ನಿನ ಮುಂದೆ. ಅವ್ವ ಲಕ್ವ ಹೊಡೆದು ಮಲಗಿದಾಗ ಬಂದ ಗಂಡುಗಳೆಲ್ಲ ಕಾಯಲಾರದೆ ಹೋದರು. ಅವ್ವ ಹೋದ ಮೇಲೆ ಬರುವವರೂ ಇರಲಿಲ್ಲ. ಜಮೀನು ಅಣ್ಣ ಬಸವರಾಜಪ್ಪನಿಗೆ, ಮನೆ ಇವಳಿಗೆ ಅಂತ ಅವ್ವ ಬದುಕಿದ್ದಾಗಲೇ ಮಾತಾಗಿತ್ತು. ಅಣ್ಣ ಹಿಂದಿನ ಬೀದಿಯಲ್ಲಿ ತನ್ನ ಸಂಸಾರ ಮಾಡಿಕೊಂಡಿದ್ದ.

ಇವಳು ಮಧ್ಯಾಹ್ನದ ಊಟಕ್ಕೆ ಬಸ್ಸಿನ ಹೊತ್ತನ್ನೇ ಕಾಯುತ್ತಿದ್ದಳು. ಜಗಲಿಯ ಮೇಲೆ ಮಾತು ಶುರುವಾಗುತ್ತಿದ್ದಂತೆ ತಟ್ಟೆ ಹಿಡಿದು ಕಿಟಕಿಯ ಕೆಳಗೆ ಕೂರುವಳು. ಯಾರದೋ ಸೊಸೆಯ ಸುದ್ದಿ, ಮೆಕ್ಕೆಜೋಳದ ಸುದ್ದಿ, ಸಂತೇಬೆನ್ನೂರಿನ ಸಂತೆಯ ಸುದ್ದಿ... ಕೇಳುತ್ತಾ ಉಂಡರೆ ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಕೂತಂತೆ. ಬಸ್ಸು ಹೊರಟುಬಿಟ್ಟರೆ ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು.

ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದಳು.

ಮರುದಿನ ಮಧ್ಯಾಹ್ನ ಅವಳು ತಟ್ಟೆ ಹಿಡಿದು ಕೂತಾಗ ಹೊರಗೆ ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

"ಇಂಜಿನಿಯರ್ ಸಾಹೇಬ್ರು ಇವತ್ತೂ ಚಿತ್ರಾನ್ನನಾ?" ಅಂಜಮ್ಮನ ದನಿ.

"ಹೋಟ್ಲಾಗೆ ಬೆಳಿಗ್ಗೆ ಕಟ್ಟಿಸ್ಕಂಡು ಬರೋದು ಅಂಜಮ್ಮ. ಅವರು ಕೊಟ್ಟಿದ್ದೇ ಊಟ."

"ಮನೇಲಿ ಮಾಡೋರಿಲ್ವಾ?"

"ಮನೆಯೇ ಇಲ್ಲ. ಹೊನ್ನಾಳಿಯಾಗೆ ಒಂದು ರೂಮು ಐತೆ ಅಷ್ಟೆ. ಹುಟ್ಟಿದ್ದು ಜಗಳೂರು. ಅಪ್ಪ ಅವ್ವ ಹೋದ ಮೇಲೆ ಅಲ್ಲಿಗೂ ಹೋಗಿಲ್ಲ."

ಕಿಟಕಿಯ ಒಳಗೆ ಪ್ರಮೀಳಾಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. 'ಇವನೂ ನನ್ನ ಹಂಗೇನಾ...' ಅಂದುಕೊಂಡವಳು, ಮರುಕ್ಷಣವೇ 'ನನಗ್ಯಾಕೆ ಬೇಕು' ಅಂತ ತನ್ನನ್ನೇ ಗದರಿಸಿಕೊಂಡಳು.

ಬೇಕಿಲ್ಲದಿದ್ದರೆ ಅದರ ಮರುದಿನ ಒಂದು ರೊಟ್ಟಿ ಹೆಚ್ಚಿಗೆ ತಟ್ಟಿದ್ದೇಕೆ, ನೀವೇ ಹೇಳಿ.

"ತಗಳ್ರಿ." ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂತು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ.

ಹಾಲೇಶ್ ಬೆಚ್ಚಿಬಿದ್ದ. "ಇದು... ನನಗಾ?"

"ಪ್ಯಾಂಟಿಗೆ ಸುಣ್ಣ ಹಾಕಿದ್ದಕ್ಕೆ. ಮತ್ತೇನೂ ತಿಳ್ಕಬ್ಯಾಡ್ರಿ."

"ಪ್ಯಾಂಟು ಒಗೆದ್ರೆ ಹೋಗ್ತೈತೆ. ನೀವಿದ್ದ ಸಿಟ್ಟು ನೋಡಿ ಈ ಕಿಟಕಿ ಕಡೆ ತಿರುಗಾಕೂ ಹೆದ್ರಿಕೆ ಆಗಿತ್ತು."

ಒಳಗೆ ನಗು ಕೇಳಿತು. ತನ್ನದೇ ನಗು ಅಂತ ಗೊತ್ತಾಗಲು ಪ್ರಮೀಳಾಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಲ್ಲಿಂದ ಅದೊಂದು ರೂಢಿಯೇ ಆಯಿತು. ಗೋಡೆಯ ಆಚೆ ಅವನು, ಈಚೆ ಇವಳು. ಬೆನ್ನಿಗೆ ಬೆನ್ನು, ನಡುವೆ ಒಂದು ಕಿಟಕಿ. ಊರಿಗೆ ಏನೇನು ಬರುತ್ತದೆ ಅಂತ ಅವನು ಹೇಳುತ್ತಿದ್ದ. ಶಾಲೆಯ ಹತ್ತಿರ ಹೆಂಗಸರಿಗೆ ಶೌಚಾಲಯ ಇರುವ ಬಸ್ ನಿಲ್ದಾಣ, ಊರಿನ ಹೊರಗಿಂದ ದೊಡ್ಡ ರಸ್ತೆ, ಮುಚ್ಚಿದ ಚರಂಡಿ.

"ಎಲ್ಲ ಬಂದ ಮೇಲೆ ನಮ್ಮೂರು ನಮ್ಮೂರಂಗೆ ಇರ್ತೈತೇನ್ರಿ?" ಅವಳು ಕೇಳಿದಳು.

"ಅದೇ ನನ್ನ ತಲೆನೋವು. ಚರಂಡಿ ಯಾರು ಬೇಕಾದ್ರೂ ಕಟ್ತಾರೆ. ಜನ ಕೂತು ಮಾತಾಡೋ ಜಾಗ ಒಂದ್ಸಲ ಹೋದ್ರೆ ಯಾರೂ ಕಟ್ಟಿಕೊಡಲ್ಲ. ಅಂಥದ್ದು ಹೋದ ಊರು ಎಷ್ಟೋ ನೋಡಿದೀನಿ."

ಜಗಲಿಯ ಮಾತನ್ನು ಅವನು ಅಂದೇ ಬಿಡಿಸಿ ಹೇಳಬೇಕಿತ್ತು. ಮತ್ತೆ ಪೊರಕೆ ಬರುತ್ತದೆ ಅಂತ ಹೆದರಿದನೋ, ರೊಟ್ಟಿ ನಿಲ್ಲುತ್ತದೆ ಅಂತ ಹೆದರಿದನೋ, ಸುಮ್ಮನಾದ. ಆ ಸುಮ್ಮನಾದದ್ದೇ ಮುಳುವಾಯಿತು.

ಒಂದು ದಿನ ಪ್ರಮೀಳಾ ದಾರ, ಲೈನಿಂಗ್ ಬಟ್ಟೆ ತರಲು ಹೊನ್ನಾಳಿಗೆ ಹೋದಳು. ಬರುವಾಗ ಚೀಲದಲ್ಲಿ ಅವನಿಗಾಗಿ ಒಂದು ಸ್ಟೀಲಿನ ಡಬ್ಬಿಯಿತ್ತು. ಬಸ್ಸಿಳಿದು ನೋಡಿದರೆ... ಗೋಡೆಯ ಬುಡಕ್ಕೆ ಮತ್ತೆ ಬಿಳಿಗೆರೆ. ಅದರ ಪಕ್ಕ ಹಾಲೇಶ್, ಕೈಯಲ್ಲಿ ಸುಣ್ಣ.

"ನಾನಿಲ್ಲದಾಗ ಹಾಕಿದ್ರಾ?"

"ಇವತ್ತೇ ನಕ್ಷೆ ಕಳಿಸಬೇಕಿತ್ತು. ಮೊದಲು ನಿಮ್ಮನ್ನ ಕೇಳಬೇಕಿತ್ತು, ನನ್ನ ತಪ್ಪು. ಆದ್ರೆ ಒಂದ್ಮಾತು ಕೇಳ್ರಿ. ನಿಮ್ಮಣ್ಣ ನನ್ನ ಹತ್ರ..."

"ನಮ್ಮಣ್ಣನ ಮಾತು ಯಾಕೆ ತೆಗೀತೀರಿ?" ಅವಳ ದನಿ ಒಡೆಯಿತು. "ದಿನಾ ನನ್ನ ಕೈ ರೊಟ್ಟಿ ತಿಂದ್ರಿ. ಅದೇ ಜಾಗ ಕದಿಯಾಕೆ ಮನಸು ಹೆಂಗೆ ಬಂತು ನಿಮಗೆ?"

ಹಾಲೇಶನ ಮುಖ ಕಪ್ಪಿಟ್ಟಿತು. ಅಣ್ಣ ತಂಗಿಯ ನಡುವೆ ನಾನ್ಯಾಕೆ ಕಡ್ಡಿ ಆಡಿಸಲಿ ಅಂದುಕೊಂಡ. ತಾನೇ ಆ ಗೆರೆ ಅಳಿಸಿದ. ಬೀದಿಗಿಳಿದು, ಜಗಲಿಯ ಹೊರಗಿನ ತುದಿಗೆ ಹೊಸ ಗೆರೆ ಹಾಕಿದ.

"ನೀವು ಹೇಳಿದಂಗೇ ಆತು. ಜಗಲಿ ನಿಮ್ದು." ಸುಣ್ಣದ ಡಬ್ಬಿ ಮುಚ್ಚಿದ. "ನಾಳೆಯಿಂದ ನ್ಯಾಮತಿ ಕಡೆ ಕೆಲಸ. ಸಭೆ ದಿನ ಬರ್ತೀನಿ."

ಅವಳು ಬಾಗಿಲು ಹಾಕಿಕೊಂಡಳು. ಸ್ಟೀಲಿನ ಡಬ್ಬಿ ಚೀಲದಲ್ಲೇ ಉಳಿಯಿತು.

ಮರುದಿನದಿಂದ ಜಗಲಿಯ ಮೇಲೆ ಅದೇ ಅಂಜಮ್ಮ, ಅದೇ ಮಾತು. ಆದರೂ ಬಡಿಸಿಕೊಂಡ ತಟ್ಟೆ ಹಾಗೇ ಉಳಿಯಿತು. ಇಷ್ಟು ವರ್ಷ ಯಾರ ಮಾತಾದರೂ ಸಾಕಿತ್ತು. ಈಗ ಒಂದೇ ದನಿ ಬೇಕಿತ್ತು, ಅದು ಇರಲಿಲ್ಲ. ಒಂಟಿತನ ಅಂದರೇನು ಅಂತ ತನಗೆ ಗೊತ್ತಿದೆ ಅಂದುಕೊಂಡಿದ್ದಳು, ಪಾಪ.

ಮುಂದಿನ ವಾರ ಬಸವರಾಜಪ್ಪ ಬಂದ. ಜೊತೆಗೆ ಶಟರ್ ಮಾಡುವವನು.

"ಇಲ್ಲಿಂದ ಇಲ್ಲಿಗೆ ಅಳತೆ ತಗ." ಅಣ್ಣ ಜಗಲಿಯ ಮೇಲೆ ಚಪ್ಪಲಿ ಹಾಕಿಕೊಂಡೇ ಓಡಾಡಿದ. "ಕಿಟಕಿಗೆ ಇಟ್ಟಿಗೆ ಕಟ್ಟಿದ್ರಾತು."

"ಏನಣ್ಣ ಇದು?"

"ಗೊಬ್ಬರದ ಅಂಗಡಿ ಹಾಕೋಣ ಅಂತ. ಬಸ್ಸು ನಿಲ್ಲೋ ಜಾಗ, ಚೆನ್ನಾಗಿ ನಡೀತೈತೆ. ಬಾಡಿಗೆ ನಿನಗೇ ಕೊಡ್ತೀನಿ. ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ? ಆ ಇಂಜಿನಿಯರ್ ಜಗಲಿ ಊರಿಗೆ ಸೇರಿಸಿ, ಯಾರೂ ಮುಟ್ಟಬಾರದು, ರಸ್ತೆಯೋರೂ ಕೆಡವಬಾರದು ಅಂತ ಯೋಜನೆ ಬರ್ದಿದ್ದ. ಎಷ್ಟು ಹೇಳಿದ್ರೂ ಬಗ್ಗಲಿಲ್ಲ. ಕೊನೆಗೆ ನೀನೇ ಬಗ್ಗಿಸಿದೆ ನೋಡು, ಶಹಬ್ಬಾಸ್."

ಪ್ರಮೀಳಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

'ಊರಿಗೆ ಸೇರಿಸಿ... ಯಾರೂ ಮುಟ್ಟಬಾರದು...' ತಾನು ಪೊರಕೆಯಿಂದ ಗುಡಿಸಿದ್ದು ಏನನ್ನು ಅಂತ ಆಗ ತಿಳಿಯಿತು. ಅವನು ಜಗಲಿಯನ್ನು ಕಾಯಲು ಗೆರೆ ಎಳೆದಿದ್ದ. ಇವಳು ಜಗಳಾಡಿ ಅದನ್ನು ಅಣ್ಣನ ಶಟರ್ ಒಳಗೆ ಹಾಕಿಸಿದ್ದಳು. ಹುಟ್ಟಿದಾಗಿನಿಂದ ಅಣ್ಣನಿಗೆ ಇಲ್ಲ ಅಂದವಳಲ್ಲ. ಇವತ್ತು ಹೇಗೋ ಇಲ್ಲ ಅಂದರೂ ನಾಳೆ ಅವನು ಮತ್ತೆ ಬರುತ್ತಾನೆ, ನಾಡಿದ್ದು ಅತ್ತಿಗೆ ಬರುತ್ತಾಳೆ. ತನ್ನ ಹೆಸರಲ್ಲಿರುವ ತನಕ ಆ ಜಗಲಿಯನ್ನು ತನ್ನಿಂದ ಉಳಿಸಲಾಗುವುದಿಲ್ಲ.

ಆ ರಾತ್ರಿಯೆಲ್ಲ ಅತ್ತಳು. ಜಗಲಿಗಾಗಿ ಎಷ್ಟು, ಹಾಲೇಶನಿಗಾಗಿ ಎಷ್ಟು ಅಂತ ಅವಳಿಗೂ ತಿಳಿಯಲಿಲ್ಲ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಹಾಲೇಶ್ ನಕ್ಷೆ ಹಿಡಿದು ನಿಂತಿದ್ದ. ಸೊರಗಿದ್ದ. ಅವನು ಒಮ್ಮೆಯೂ ಹೆಂಗಸರು ಕೂತ ಕಡೆ ನೋಡಲಿಲ್ಲ.

"ಯಾರಿಗಾದ್ರೂ ತಕರಾರು ಐತಾ?" ಅಧ್ಯಕ್ಷರು ಕೇಳಿದರು.

ಪ್ರಮೀಳಾ ಎದ್ದು ನಿಂತಳು. ಊರಿನ ಅರ್ಧ ಜನಕ್ಕೆ ಅವಳ ದನಿ ಹೇಗಿರುತ್ತದೆ ಅಂತಲೂ ಗೊತ್ತಿರಲಿಲ್ಲ.

"ನಮ್ಮ ಮನೆ ಮುಂದಿನ ಗೆರೆ ತಪ್ಪಾಗೈತೆ. ಹಾಕಿಸಿದ್ದು ನಾನೇ. ಅದನ್ನ ಗೋಡೆ ಬುಡಕ್ಕೆ ಹಾಕ್ರಿ. ಜಗಲಿ ಊರಿಗೆ ಇರ್ಲಿ."

ಬಸವರಾಜಪ್ಪ ದಡಕ್ಕನೆ ಎದ್ದ. "ಏನು ಮಾತು ಅಂತ ಆಡ್ತೀಯ? ಮನೇಲಿ ಮಾತಾಡೋದನ್ನ ಸಭೇಲಿ ಮಾತಾಡ್ತಾರೇನು?"

"ಮನೇಲಿ ಮಾತಾಡಾಕೆ ಯಾರಿದಾರೆ ಅಣ್ಣ?"

ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಅವ್ವ ಹೋದ ಮೇಲೆ ನೀನು ಹಬ್ಬಕ್ಕೆ ಬರ್ತೀಯ, ಹೋಗ್ತೀಯ. ದಿನಾ ನನಗೆ ಮನುಷ್ಯರ ದನಿ ಕೇಳಿಸೋದು ಆ ಜಗಲಿ ಮೇಲಿಂದ. ಇವರೆಲ್ಲ ಕೂತು ಮಾತಾಡ್ತಿದ್ರೆ ನನಗೆ ಊಟ ಸೇರ್ತೈತೆ. ಅದಕ್ಕೆ ಶಟರ್ ಹಾಕ್ಬ್ಯಾಡ. ನಿನಗೆ ಕೈ ಮುಗಿತೀನಿ."

ಯಾರಿಗೂ ಗೊತ್ತಾಗಬಾರದು ಅಂದುಕೊಂಡಿದ್ದನ್ನು ಊರೆಲ್ಲ ಕೇಳಿತು. ನಾಚಿಕೆಯಿಂದ ಅವಳೇನೂ ಸಾಯಲಿಲ್ಲ. ಅಂಜಮ್ಮ ಮೆಲ್ಲಗೆ ಎದ್ದು ಬಂದು ಅವಳ ಕೈ ಹಿಡಿದುಕೊಂಡು ನಿಂತಳು. ಬಸವರಾಜಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ, "ನನಗೆ ಹೇಳಬಾರದಿತ್ತೇನಮ್ಮ ಇದನ್ನ..." ಅಂದು ಕೂತುಬಿಟ್ಟ.

ಸಭೆ ಮುಗಿದು ಪ್ರಮೀಳಾ ಮನೆಗೆ ಬರುವಷ್ಟರಲ್ಲಿ ಹಾಲೇಶ್ ಜಗಲಿಯ ಮುಂದೆ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದ.

"ಇಲ್ಲಿ ಕೊಡ್ರಿ." ಅವಳು ಡಬ್ಬಿ ಇಸಿದುಕೊಂಡಳು. ಬೆಳಗ್ಗೆ ಬಾಗಿಲಿಗೆ ರಂಗೋಲಿ ಬಿಡುವ ಹಾಗೆ ಬೆರಳ ನಡುವಿನಿಂದ ಸುಣ್ಣ ಬಿಡುತ್ತಾ ಗೋಡೆಯ ಬುಡಕ್ಕೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

"ಅವತ್ತು ನಿಮ್ಮ ಮಾತು ಕೇಳಲಿಲ್ಲ. ಕಳ್ಳ ಅಂದೆ. ನೀವು ಬರಲೇ ಇಲ್ಲ... ಎಷ್ಟು ಕಾದೆ ಗೊತ್ತೇನ್ರಿ?"

"ನಾನೂ ಹೇಳಲಿಲ್ಲ, ಕೇಳಲಿಲ್ಲ. ನ್ಯಾಮತಿಯಾಗೆ ದಿನಾ ಊಟದ ಡಬ್ಬಿ ಬಿಚ್ಚೋದು, ಮುಚ್ಚೋದು." ಅವನು ಸೊಟ್ಟ ಗೆರೆಯನ್ನೇ ನೋಡುತ್ತಿದ್ದ. "ಊರೂರಿಗೂ ಮುಂದೆ ಹಿಂಗಿರಬೇಕು ಹಂಗಿರಬೇಕು ಅಂತ ಬರ್ಕೊಡ್ತೀನಿ. ನನ್ನ ಮುಂದಿಂದು ಏನು ಅಂತ ಯೋಚನೆ ಮಾಡಿದ್ದೇ ಇಲ್ಲ. ಈ ಕಿಟಕಿ ಕೆಳಗೆ ಕೂತ ಮೇಲೆ ಮಾಡಾಕೆ ಹತ್ತಿದೆ. ಪ್ರಮೀಳಾ... ನಿಮ್ಮನ್ನ ಬಿಟ್ಟು ಉಣ್ಣಾಕೆ ನನಗಾಗಲ್ಲ. ನನ್ನ ಮದುವೆ ಆಗ್ತೀರಾ?"

ಅವಳು ಸುಣ್ಣದ ಡಬ್ಬಿ ಕೆಳಗಿಟ್ಟು ಒಳಗೆ ಹೋದಳು. ಹಾಲೇಶ್ ಕಿಟಕಿಯ ಸರಳಿನ ಕಡೆಯೇ ನೋಡುತ್ತಾ ನಿಂತ. ಅಲ್ಲಿಂದ ಯಾವ ಕೈಯೂ ಬರಲಿಲ್ಲ.

ಬಾಗಿಲಲ್ಲಿ ಗೆಜ್ಜೆಯ ಸದ್ದಾಯಿತು. ಪ್ರಮೀಳಾ ಎರಡು ತಟ್ಟೆ ಹಿಡಿದು ಹೊರಗೆ ಬಂದಳು. ಸುಣ್ಣದ ಗೆರೆ ದಾಟಿ, ಜಗಲಿಯ ಮೇಲೆ ಸೀರೆ ಸರಿಮಾಡಿಕೊಂಡು ಕೂತಳು. ಒಂದು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕೂತ್ಕಳ್ರಿ. ಗೋಡೆ ಆಚೆ ಈಚೆ ಉಂಡಿದ್ದು ಸಾಕು."

ಅವನು ಕೂತ. ಇಬ್ಬರಿಗೂ ತುತ್ತು ಎತ್ತಲು ಆಗಲಿಲ್ಲ, ಇಬ್ಬರ ಕಣ್ಣೂ ತುಂಬಿತ್ತು.

ಹೊನ್ನಾಳಿ ಬಸ್ಸು ಬಂದು ನಿಂತಿತು. ಅಂಜಮ್ಮ ಸೊಪ್ಪಿನ ಬುಟ್ಟಿ ಹತ್ತಿಸಿ, ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು. "ಬರಲ್ವೇನಪ್ಪ ಇಂಜಿನಿಯರು? ಇದು ಹೋದ್ರೆ ಮುಂದಿಂದು ಸಂಜೆಗೇ."

ಪ್ರಮೀಳಾ ತಲೆ ತಗ್ಗಿಸಿ ಮೆಲ್ಲಗೆ ಕೇಳಿದಳು. "ಹೋಗ್ತೀರಾ?"

"ಇನ್ನೊಂದು ರೊಟ್ಟಿ ಐತಾ?" ಅಂದ ಹಾಲೇಶ್.

"ಐತೆ."

"ಹಂಗಾದ್ರೆ ಇಲ್ಲ."

ಬಸ್ಸು ಹೊರಟಿತು. ಜಗಲಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಪ್ರಮೀಳಾ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡಳು.