ಹಿಂದಿನ ಗಾಜಿನಾಚೆ ನೀಲಿ ಸ್ವೆಟರ್

ಕಾರಿನ ಬೆನ್ನಿಗೆ ಯಾರೋ ದಬದಬ ಬಡಿದದ್ದು ಕೇಳಿ ರೂಪಶ್ರೀಗೆ ಪಿತ್ತ ನೆತ್ತಿಗೇರಿತು.

ಡಿಸೆಂಬರಿನ ಬೆಳಗು. ಮನೆಯಿಂದ ರಸ್ತೆಗೆ ಇಳಿಯುವ ದಾರಿಯಲ್ಲಿ ರಿವರ್ಸ್ ಬರುತ್ತಿದ್ದಳು. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದಳು. ಕಾರಿನ ಹಿಂದೆ ನೀಲಿ ಸ್ವೆಟರಿನ ಗಂಡಸೊಬ್ಬ ನಿಂತಿದ್ದ. ಹೆಗಲಿಗೆ ಚೀಲ, ಕಿವಿಗೆ ಮಫ್ಲರ್, ಮಂಜು ಕೂತ ಕನ್ನಡಕ.

"ಕಾರಿಗೆ ಕೈ ಹಚ್ಚೋಕೆ ಯಾರ್ರೀ ನೀವು? ಇದೇನು ತಮಟೆ ಅಂದ್ಕೊಂಡ್ರಾ?"

ಅವನು ಕೆಳಗೆ ಬೆರಳು ತೋರಿಸಿದ. ಹಿಂದಿನ ಚಕ್ರ ಮೋರಿಯ ಮುರಿದ ಚಪ್ಪಡಿಯ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ಗೇಣು ಹಿಂದೆ ಬಂದಿದ್ದರೆ ಕಾರು ಅಂಗಾತ ಮಲಗುತ್ತಿತ್ತು.

ತಪ್ಪು ಕಣ್ಣೆದುರಿಗೇ ಇದ್ದರೂ ಸೋಲುವ ಜಾಯಮಾನ ರೂಪಶ್ರೀಯದಲ್ಲ. "ನನ್ನ ಕಾರು, ನನ್ನ ಮೋರಿ. ಬಿದ್ರೆ ನಾನೇ ಎತ್ತಿಸ್ಕೋತೀನಿ," ಎಂದಳು.

"ಮೋರಿ ಪಂಚಾಯ್ತಿದು," ಎಂದ ಅವನು ಮೆಲ್ಲಗೆ. "ಕಾರು ಮಾತ್ರ ನಿಮ್ದು. ಹಿಂದಿನ ವೈಪರಿಂದು ರಬ್ಬರ್ ಹರಿದು ನೇತಾಡ್ತಿದೆ, ನೋಡಿ. ಬದಲಾಯಿಸಿ."

ಅಷ್ಟರಲ್ಲಿ ಬಣಕಲ್ ಕಡೆಗೆ ಹೋಗುವ ಬಸ್ ಬಂತು. ಅವನು ಹತ್ತಿ ಹೋದ. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ರೂಪಶ್ರೀಯ ಬಾಯಲ್ಲೇ ಉಳಿಯಿತು. ಮೂಡಿಗೆರೆ ತಲುಪುವವರೆಗೂ ಅದನ್ನು ಸ್ಟೀರಿಂಗಿಗೆ ಹೇಳಿಕೊಂಡು ಹೋದಳು.

ಅವನು ಬಣಕಲ್ಲಿಗೆ ಹೊಸದಾಗಿ ಬಂದ ದನದ ಡಾಕ್ಟರು, ಹೆಸರು ಚನ್ನಕೇಶವ ಎಂದು ಸಂಜೆ ತಿಮ್ಮಮ್ಮ ಹೇಳಿದಳು. ತಿರುವಿನ ಹತ್ತಿರ ಚೌಡಯ್ಯನವರ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದಾನೆ, ಹೆಂಡತಿ ಇಲ್ಲ, ಮದುವೆಯೇ ಆಗಿಲ್ಲ ಎಂಬುದನ್ನೂ ಕೇಳದೆಯೇ ಹೇಳಿದಳು. ತಿಮ್ಮಮ್ಮ ರೂಪಶ್ರೀಯ ಮನೆಯ ಕಣದಲ್ಲಿ ಕಾಫಿ ಒಣಗಿಸುವವಳು. ಕಾಫಿಯ ಜೊತೆಗೆ ಊರಿನ ಸುದ್ದಿಯನ್ನೂ ಹರವಿ, ಮಗುಚಿ, ಒಣಗಿಸಿ ಇಡುತ್ತಿದ್ದಳು.

ಈ ರಿವರ್ಸಿನ ಕಷ್ಟಕ್ಕೆಲ್ಲ ಆ ಕಣವೇ ಕಾರಣ. ಉಳಿದ ತಿಂಗಳಲ್ಲಿ ಮನೆಯ ಮುಂದೆ ಕಾರನ್ನು ಆರಾಮಾಗಿ ತಿರುಗಿಸಬಹುದು. ಕಾಫಿ ಕುಯ್ಲು ಶುರುವಾಯಿತೆಂದರೆ ಅಷ್ಟೂ ಜಾಗದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಹರವಿಬಿಡುತ್ತಾರೆ. ಹರವಿದ ಕಾಫಿಯ ಮೇಲೆ ಚಪ್ಪಲಿ ಕಾಲಿಟ್ಟರೂ ತಿಮ್ಮಮ್ಮನ ಬಾಯಿಗೆ ಸಿಕ್ಕಬೇಕು, ಇನ್ನು ಟೈರಿನ ಮಾತೆಲ್ಲಿ. ಹಾಗಾಗಿ ಕಣ ಖಾಲಿಯಾಗುವವರೆಗೂ ಕಾರು ಶೆಡ್ಡಿಗೆ ಮೂತಿ ತೂರಿಸಿ ಹೋಗುವುದು, ಬೆನ್ನು ಹಾಕಿ ಬರುವುದು.

ಅದು ಹಳೇ ಸ್ಯಾಂಟ್ರೋ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸಂಜೆ ಮಣ್ಣು ರಸ್ತೆಯ ಕೆಂಧೂಳು ಹಿಂದಿನ ಗಾಜಿಗೆ ಮೆತ್ತಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಅದರ ಮೇಲೆ ಇಬ್ಬನಿ ಕೂರುತ್ತದೆ. ವೈಪರ್ ಹಾಕಿದರೆ ಹರಿದ ರಬ್ಬರು ಎರಡನ್ನೂ ಕಲಸಿ, ಗೋಡೆಗೆ ಕೆಮ್ಮಣ್ಣು ಸಾರಿಸಿದ ಹಾಗೆ ಸಾರಿಸಿಬಿಡುತ್ತಿತ್ತು. ಬಟ್ಟೆಯಲ್ಲಿ ಒರೆಸಿಕೊಂಡು ಹೊರಡಬಹುದಿತ್ತು, ನಿಜ. ಒರೆಸಿ ಕಾರು ಹತ್ತುವಷ್ಟರಲ್ಲಿ ಮತ್ತೆ ಮಂಜು ಕಟ್ಟುತ್ತಿತ್ತು.

ಮಾರನೆಯ ದಿನವೂ ಅವನು ತಿರುವಿನಲ್ಲಿ ನಿಂತಿದ್ದ. ಬಡಿಯಲಿಲ್ಲ. ದೂರದಿಂದಲೇ ಕೈ ಎತ್ತಿದ.

"ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ."

ಇವನ ಸಹಾಯ ಯಾರಿಗೆ ಬೇಕು ಎಂದುಕೊಂಡೇ ರೂಪಶ್ರೀ ಎಡಕ್ಕೆ ತಿರುಗಿಸಿದಳು. ಗಾಜಿನಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಕೆಸರಿನ ಹಿಂದೆ ಒಂದು ನೀಲಿ ಮಸುಕು, ಆ ಮಸುಕಿನಿಂದ ಎದ್ದ ಒಂದು ಕೈ. ಆ ಕೈ ನಂಬಿಕೊಂಡು ಕಾರು ರಸ್ತೆಗಿಳಿಯಿತು. ಥ್ಯಾಂಕ್ಸ್ ಹೇಳಲು ಕಿಟಕಿ ಇಳಿಸಿದವಳು, "ವೈಪರ್‌ಗೆ ಸ್ಪೇರ್ ಪಾರ್ಟ್ಸ್ ಅಂಗಡಿ ತಯ್ಯಬ್ ಸಾಹೇಬ್ರ ಹತ್ರ ಹೇಳಿದೀನಿ, ಮಂಗಳೂರಿಂದ ಬರ್ಬೇಕಂತೆ," ಎಂದು ಒರಟಾಗಿ ಹೇಳಿ ಹೋದಳು.

ಆಮೇಲೆ ಅದು ಅಭ್ಯಾಸವಾಯಿತು.

ಕಿಟಕಿ ಇಳಿಯುವುದು, ಅವನು ಬಗ್ಗುವುದು, ಬಸ್ ಬರುವವರೆಗೆ ನಾಲ್ಕು ಮಾತು. ಅವನ ರೆಪ್ಪೆಯ ಮೇಲೆ ಇಬ್ಬನಿ ಸಣ್ಣ ಮಣಿಗಳಾಗಿ ಕೂತಿರುತ್ತಿತ್ತು. ಮಾತು ಸಿಗದಿದ್ದಾಗ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಉಜ್ಜುತ್ತಿದ್ದ. ಕನ್ನಡಕ ತೆಗೆದ ಕಣ್ಣು ಆಗತಾನೆ ನಿದ್ದೆಯಿಂದೆದ್ದ ಮಗುವಿನದ್ದರ ಹಾಗಿರುತ್ತಿತ್ತು. ಅದನ್ನು ನೋಡಬಾರದೆಂದು ರೂಪಶ್ರೀ ಗೇರನ್ನು ನೋಡುತ್ತಿದ್ದಳು.

ಇಂಜೆಕ್ಷನ್ನಿಗೆ ಹೆದರಿ ಯಜಮಾನನನ್ನೇ ಎಳೆದುಕೊಂಡು ಹೊಳೆಗಿಳಿದ ಹೋರಿಯ ಕಥೆ ಹೇಳಿ ಒಂದು ದಿನ ನಗಿಸಿದ. ಮೂಡಿಗೆರೆಯ ತನ್ನ ಗೊಬ್ಬರದಂಗಡಿಯಲ್ಲಿ ಚೌಕಾಸಿಗೆ ನಿಂತ ದೊಡ್ಡ ಪ್ಲಾಂಟರೊಬ್ಬರನ್ನು ಮೆಟ್ಟಿಲಿಳಿಸಿದ್ದನ್ನು ಅವಳು ಹೇಳಿದಳು. "ನಿಮ್ಮ ಅಂಗಡಿಗೆ ಬರೋಕೆ ಧೈರ್ಯಕ್ಕೆ ಏನಾದ್ರೂ ಔಷಧಿ ತಗೊಂಡು ಬರ್ಬೇಕು," ಎಂದ. "ದನದ ಡೋಸ್ ತಗೊಳ್ಳಿ," ಎಂದಳು. ಅವತ್ತು ಮೂಡಿಗೆರೆ ಬೇಗ ಬಂದುಬಿಟ್ಟಿತು.

ಅವಳ ವಯಸ್ಸು ಮೂವತ್ತೇಳು ದಾಟಿತ್ತು. ಅಪ್ಪ ಹೋದ ಮೇಲೆ ತೋಟ, ತಾಯಿ, ಅಂಗಡಿ ಮೂರೂ ಹೆಗಲಿಗೆ ಬಿದ್ದವು. ಹಿಂದೆ ಒಮ್ಮೆ ಗಂಡಿನ ಕಡೆಯವರು ಬಂದಿದ್ದರು. ಜಡೆ ನಿಜವೋ ಚೌರಿಯೋ ನೋಡಬೇಕು ಎಂದ ಹುಡುಗನ ಸೋದರಮಾವನಿಗೆ, ನಿಮ್ಮ ಹಲ್ಲು ನಿಜದ್ದಾ ತೋರಿಸಿ ಎಂದಿದ್ದಳು. ಆ ಸುದ್ದಿ ಕಳಸದಿಂದ ಸಕಲೇಶಪುರದವರೆಗೂ ಹೋಗಿ ಬಂತು. ಮತ್ತೆ ಯಾರೂ ಬರಲಿಲ್ಲ. ಅವಳೂ ದಾರಿ ನೋಡಲಿಲ್ಲ. ನೋಡಲಿಲ್ಲ ಎಂದೇ ತನಗೆ ತಾನು ಹೇಳಿಕೊಂಡಿದ್ದಳು.

ಕ್ರಿಸ್‌ಮಸ್ಸಿಗೆ ಮುಂಚೆಯೇ ವೈಪರಿನ ಬ್ಲೇಡ್ ಬಂತು. ತಯ್ಯಬ್ ಅಂಗಡಿಯ ಹೊರಗೇ ಹಾಕಿಕೊಡುತ್ತೇನೆ, ಕಾರು ತನ್ನಿ ಎಂದ. ತನ್ನ ಕಾರಿಗೆ ತಾನೇ ಹಾಕಿಕೊಳ್ಳುತ್ತೇನೆ ಎಂದು ರೂಪಶ್ರೀ ಪ್ಯಾಕೆಟ್ ಇಸಿದುಕೊಂಡು ಬಂದಳು.

ಬಂದವಳು ಹಾಕಲಿಲ್ಲ. ಡ್ಯಾಶ್‌ಬೋರ್ಡಿನೊಳಗೆ ಒರೆಸುವ ಬಟ್ಟೆಯ ಕೆಳಗೆ ಇಟ್ಟಳು. ಬಂತಾ ಎಂದು ಅವನು ಬೆಳಿಗ್ಗೆ ಕೇಳಿದಾಗ ಇನ್ನೂ ಇಲ್ಲ ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಕಾಲೇಜು ಹುಡುಗಿಯರ ಆಟ ಇದು, ನಿನಗೆ ನಾಚಿಕೆಯಿಲ್ಲವಾ ಎಂದು ಕನ್ನಡಿಯಲ್ಲಿ ತನ್ನನ್ನೇ ಬೈದುಕೊಂಡಳು. ನಾಳೆ ಹಾಕಿಬಿಡುತ್ತೇನೆ ಎಂದು ತೀರ್ಮಾನಿಸಿದಳು. ನಾಳೆಯೂ ಗಾಜು ಕೆಸರಾಗಿಯೇ ಇತ್ತು, ನೀಲಿ ಮಸುಕು ಕೈ ಎತ್ತಿತು, ಎದೆಯೊಳಗೆ ಏನೋ ಹಗುರಾಯಿತು.

ಜನವರಿ ಮುಗಿಯುತ್ತ ಬಂತು. ಕಣದಲ್ಲಿ ಕಾಫಿ ಕಡಿಮೆಯಾಗುತ್ತ, ಸಿಮೆಂಟು ನೆಲ ದಿನಾ ಒಂದಿಷ್ಟು ಹೆಚ್ಚು ಕಾಣತೊಡಗಿತು. ಬೇರೆ ವರ್ಷ ಕಣ ಖಾಲಿಯಾದರೆ ಅವಳಿಗೆ ನಿರಾಳ. ಈ ವರ್ಷ ಚೀಲ ಹೊಲಿಯುವುದನ್ನು ನೋಡಿದರೇ ಸಿಡುಕು.

ಆ ಬೆಳಿಗ್ಗೆ ತಿಮ್ಮಮ್ಮ ಉಳಿದ ಪಾರ್ಚ್‌ಮೆಂಟನ್ನು ಶೆಡ್ಡಿನ ಮುಂದೆ ಗುಡ್ಡೆ ಮಾಡುತ್ತಾ ಸುದ್ದಿ ಹೇಳಿದಳು. ಡಾಕ್ಟರಿಗೆ ಕಳಸಕ್ಕೆ ವರ್ಗ ಆಗಿದೆಯಂತೆ. ಆರ್ಡರು ಬಂದು ವಾರವಾಯಿತಂತೆ. ಚೌಡಯ್ಯನವರು ಆಗಲೇ ಬೇರೆ ಬಾಡಿಗೆಯವರನ್ನು ಹುಡುಕುತ್ತಿದ್ದಾರಂತೆ.

ವಾರ. ಆ ವಾರವೆಲ್ಲ ಅವನು ಕಿಟಕಿಗೆ ಬಗ್ಗಿ ಹೋರಿ, ಹಸು, ಹಂದಿಯ ವಿಷಯ ಹೇಳಿದ್ದ. ಈ ವಿಷಯ ಒಂದನ್ನು ಬಿಟ್ಟು.

ಹೋಗುವವನು ಹೇಳಿ ಹೋಗಬೇಕೆಂದೇನಿದೆ, ತಾನು ಅವನಿಗೆ ಯಾರು, ರಿವರ್ಸ್ ಬರುವ ಒಂದು ಕಾರು ತಾನೇ ಎಂದುಕೊಂಡಳು ರೂಪಶ್ರೀ. ದುಃಖ ಬಂದರೆ ಅವಳಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಡ್ಯಾಶ್‌ಬೋರ್ಡಿನ ಮುಚ್ಚಳ ತೆಗೆದು ಬಟ್ಟೆಯನ್ನೂ ಪ್ಯಾಕೆಟ್ಟನ್ನೂ ಎಳೆದುಕೊಂಡು ಕಾರಿನ ಹಿಂದಕ್ಕೆ ಬಂದಳು. ಇನ್ನು ಯಾರ ಕೈಯೂ ಬೇಡ, ತನ್ನ ದಾರಿ ತಾನೇ ನೋಡಿಕೊಳ್ಳುತ್ತಾಳೆ.

ಬಟ್ಟೆಯನ್ನು ಮಡಿಸಿ ಗಾಜಿನ ಮೇಲಿಟ್ಟಳು. ವೈಪರಿನ ಕೈಯನ್ನು ಎತ್ತಿದಳು. ಹಳೇ ಬ್ಲೇಡನ್ನು ಅಡ್ಡ ತಿರುಗಿಸಿ ಎಳೆದಳು, ಬರಲಿಲ್ಲ. ಜೋರಾಗಿ ಎಳೆದಳು. ಕೈ ಜಾರಿ, ಸ್ಪ್ರಿಂಗಿನ ಆ ಕಬ್ಬಿಣ ಫಟ್ಟನೆ ಅವಳ ಬೆರಳಿನ ಮೇಲೇ ಬಡಿಯಿತು. ಬೆರಳು ಬಾಯಿಗಿಟ್ಟುಕೊಂಡು ದನದ ಡಾಕ್ಟರುಗಳ ಕುಲವನ್ನೇ ಬೈದಳು.

"ಎಳೆದ್ರೆ ಯಾವ್ದೂ ಬರಲ್ಲ ಕಣವ್ವ," ಎಂದಳು ತಿಮ್ಮಮ್ಮ, ಕಾಫಿ ಎಳೆಯುವ ಗೋರುಮಣೆಯ ಹಿಡಿಗೆ ಒರಗಿಕೊಂಡು. "ತಿಂಗಳಿಂದ ಒಳಗಿಟ್ಟು ಪೂಜೆ ಮಾಡಿದ್ದಲ್ವಾ ಅದು? ಇವತ್ತೇನು ಹೊರಗೆ ಬಂತು?"

"ನೀನು ನಿನ್ನ ಕಾಫಿ ನೋಡ್ಕೋ."

"ಕಾಫಿ ಒಣಗ್ತು. ನೋಡೋಕೆ ಇನ್ನೇನಿದೆ."

ರೂಪಶ್ರೀ ಉಸಿರು ಬಿಟ್ಟು, ಮತ್ತೆ ವೈಪರಿನ ಕೈಯನ್ನು ಎತ್ತಿ ಹಿಡಿದಳು. ಈ ಸಲ ಎಳೆಯಲಿಲ್ಲ. ಬೆರಳಲ್ಲಿ ತಡಕಿದರೆ ನಡುವೆ ಸಣ್ಣದೊಂದು ಪ್ಲಾಸ್ಟಿಕ್ ಕೊಂಡಿ ಸಿಕ್ಕಿತು. ಒತ್ತಿದಳು. ಬ್ಲೇಡು ತನ್ನಷ್ಟಕ್ಕೆ ಜಾರಿ ಕೈಗೆ ಬಂತು. ಹೊಸದನ್ನು ಅದೇ ಜಾಗಕ್ಕೆ ತೂರಿಸಿ ಟಕ್ ಎನ್ನುವವರೆಗೆ ಒತ್ತಿದಳು. ವೈಪರನ್ನು ಮೆಲ್ಲಗೆ ಇಳಿಸಿ ಬಟ್ಟೆ ತೆಗೆದಳು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಇಷ್ಟನ್ನು ಮಾಡದೆ ಅಷ್ಟು ದಿನ ತಳ್ಳಿದ್ದಳು.

ಕಾರು ಹತ್ತಿ ರಿವರ್ಸ್ ಹಾಕಿದಳು. ಇಳಿಜಾರಿನ ಅರ್ಧಕ್ಕೆ ಬಂದಾಗ ಬಟನ್ ಒತ್ತಿದಳು. ನೀರು ಚಿಮ್ಮಿತು. ಹೊಸ ರಬ್ಬರು ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬಂತು.

ಗಾಜು ತಿಳಿಯಾಯಿತು. ಅವನು ನಿಂತಿದ್ದ.

ಕೈ ಎಂದಿನಂತೆ ಎತ್ತಿದ್ದ. ಆದರೆ ಕಣ್ಣು ಚಕ್ರದ ಮೇಲಿರಲಿಲ್ಲ, ಮೋರಿಯ ಮೇಲಿರಲಿಲ್ಲ. ನೇರ ಅವಳ ಮೇಲಿತ್ತು. ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಮನುಷ್ಯ ತನ್ನ ಮುಖವನ್ನು ಹೇಗೆ ಬಿಟ್ಟುಬಿಡುತ್ತಾನೋ ಹಾಗೆ ಬಿಟ್ಟಿದ್ದ. ತುಟಿಯಲ್ಲಿ ನಗು ಇತ್ತು, ಅದು ಯಾರಿಗೂ ತೋರಿಸಲೆಂದು ನಕ್ಕದ್ದಲ್ಲ. ಹೊರಟ ಬಸ್ಸಿನ ಕಿಟಕಿಯನ್ನು ತಿರುವು ದಾಟುವವರೆಗೂ ನೋಡುತ್ತ ನಿಲ್ಲುವವರ ಕಣ್ಣಲ್ಲಿ ಇರುತ್ತದಲ್ಲ, ಆ ಸಂಕಟ ಅವನ ಕಣ್ಣಲ್ಲಿತ್ತು.

ಇಷ್ಟು ದಿನವೂ ಹೀಗೇ ನೋಡುತ್ತಿದ್ದನೇ? ಕೆಸರಿನ ಆಚೆ?

ರೂಪಶ್ರೀಯ ಕಾಲು ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಗಾಜು ತಿಳಿಯಾಗಿರುವುದು ಅವನಿಗೆ ಆಗ ಗೊತ್ತಾಯಿತು. ಎತ್ತಿದ ಕೈ ಅಲ್ಲೇ ನಿಂತಿತು. ಅವಸರದಲ್ಲಿ ಕನ್ನಡಕ ತೆಗೆದು ಉಜ್ಜತೊಡಗಿದ.

ಅವಳು ಕಾರನ್ನು ರಸ್ತೆಗಿಳಿಸಿ, ಅಡ್ಡಡ್ಡವಾಗಿ ನಿಲ್ಲಿಸಿ ಇಳಿದಳು.

"ಬ್ಲೇಡ್ ಹಾಕಿದ್ರಾ," ಎಂದ ಅವನು, ನೆಲ ನೋಡುತ್ತ.

"ಹಾಕ್ದೆ. ಕ್ರಿಸ್‌ಮಸ್‌ಗೆ ಮುಂಚೆ ಬಂದಿದ್ದು."

"ಗೊತ್ತು. ತಯ್ಯಬ್ ಸಾಹೇಬ್ರು ಹೇಳಿದ್ರು."

"ಗೊತ್ತಿದ್ದೂ ದಿನಾ ಬಂದು ನಿಂತ್ಕೊಳ್ತಿದ್ರಾ?"

"ನೀವು ಹಾಕ್ಲಿಲ್ವಲ್ಲ," ಎಂದ. "ಅದ್ಕೇ ನಿಂತೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕಳಸದ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ, 'ಆಯ್ತು, ಹೋಗಿ ಬನ್ನಿ' ಅಂದ್ಬಿಡ್ತೀರಿ ಅಂತ ಹೆದರಿಕೆ. ಹುಚ್ಚು ಹೋರಿ ಮುಂದೆ ನಿಂತಾಗ್ಲೂ ನಂಗೆ ಇಷ್ಟು ಹೆದರಿಕೆ ಆಗಿಲ್ಲ."

ಬಣಕಲ್ ಬಸ್ ಬಂದು ಕಾರಿನ ಮುಂದೆ ನಿಂತಿತು. ಹಾರ್ನ್ ಹಾಕಿತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಕಂಡಕ್ಟರ್ ಇಳಿದು, ಕಾರು ತೆಗೀರಿ ಅಕ್ಕ, ಮಕ್ಕಳಿಗೆ ಸ್ಕೂಲಿಗೆ ಲೇಟಾಗುತ್ತೆ ಎಂದ. ಒಂದು ನಿಮಿಷ ಸುಮ್ಮನಿರಿ ಎಂದು ರೂಪಶ್ರೀ ಅವನ ಕಡೆ ತಿರುಗದೆಯೇ ಹೇಳಿದಳು. ಕಂಡಕ್ಟರ್ ಬಸ್ಸಿನ ಮೆಟ್ಟಿಲಿಗೆ ಹಿಂದೆ ಸರಿದ.

"ಡಾಕ್ಟ್ರೇ, ನಂಗೆ ನಯವಾಗಿ ಮಾತಾಡೋಕೆ ಬರಲ್ಲ. ಸಿಟ್ಟು ಜಾಸ್ತಿ, ಊರಿಗೇ ಗೊತ್ತು. ಈ ತೋಟ, ಅಮ್ಮ, ಅಂಗಡಿ ಬಿಟ್ಟು ಎಲ್ಲಿಗೂ ಬರೋಳಲ್ಲ. ಇಷ್ಟು ಕೇಳಿದ್ಮೇಲೂ ನನ್ನ ಮದ್ವೆ ಆಗ್ತೀರಾ? ಬಸ್ಸಿನೋರು ಕಾಯ್ತಿದಾರೆ, ಬೇಗ ಹೇಳಿ."

ಅವನು ಕನ್ನಡಕ ಹಾಕಿಕೊಂಡ. ಅವಳನ್ನು ನೋಡಿದ, ಮಧ್ಯೆ ಗಾಜಿಲ್ಲದೆ.

"ಆಗ್ತೀನಿ," ಎಂದ. "ಕಳಸ ಏನು ಕಾಶಿಯಾ? ಕೊಟ್ಟಿಗೆಹಾರ ದಾಟಿದ್ರೆ ಆಯ್ತು. ಶನಿವಾರ ಸಂಜೆ ಹೊರಟ್ರೆ ನಿಮ್ಮನೆ ಊಟದ ಹೊತ್ತಿಗೆ ಬರ್ತೀನಿ. ಬೈಸ್ಕೊಳ್ಳೋಕೆ ಭಾನುವಾರ ಪೂರ್ತಿ ಇರುತ್ತೆ."

ಬಸ್ಸಿನೊಳಗೆ ಯಾವುದೋ ಅಜ್ಜಿ, ಏನಂತೆ, ಏನಂತೆ ಎಂದು ಪಕ್ಕದವರನ್ನು ತಿವಿಯುತ್ತಿತ್ತು. ಡಾಕ್ಟ್ರೇ ಹತ್ತುತ್ತೀರಾ ಇಲ್ಲವಾ ಎಂದು ಕಂಡಕ್ಟರ್ ಕೇಳಿದ. ಚನ್ನಕೇಶವ ಅವಳ ಮುಖ ನೋಡಿದ. ಅವಳು ಮುಂದಿನ ಸೀಟಿನ ಮೇಲಿದ್ದ ಗೊಬ್ಬರದ ಸ್ಯಾಂಪಲ್ ಚೀಲವನ್ನು ಎತ್ತಿ ಹಿಂದಕ್ಕೆ ಎಸೆದಳು. ಅವನು ಬಂದು ಕೂತ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು, ಸರಿಸಿಕೊಳ್ಳಲಿಲ್ಲ.

ಅವಳು ಸ್ಟೀರಿಂಗ್ ತಿರುಗಿಸಿದಳು. ಕಾರು ಮೂಡಿಗೆರೆಯ ಕಡೆಗಲ್ಲ, ಬಣಕಲ್ಲಿನ ಕಡೆಗೆ ಮುಖ ಮಾಡಿತು.

"ಅಂಗಡಿ?" ಎಂದ.

"ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ. ಬಣಕಲ್ಲಲ್ಲಿ ಯಾವ್ದೋ ಹಸುಗೆ ಜ್ವರ ಅಂದಿದ್ರಲ್ಲ ನಿನ್ನೆ, ಮೊದ್ಲು ಅದನ್ನ ನೋಡಿ."

ಅವಳ ಬೆರಳು ಊದಿರುವುದನ್ನು ಅವನು ಆಗ ಕಂಡ. ಗೇರಿನ ಮೇಲಿದ್ದ ಆ ಕೈಯನ್ನು ತೆಗೆದುಕೊಂಡು ತನ್ನ ಅಂಗೈಯೊಳಗೆ ಇಟ್ಟುಕೊಂಡ. ಎರಡನೇ ಗೇರಿನಲ್ಲೇ ಕಾರು ಏರು ಹತ್ತಿತು. ಇಂಜಿನ್ನು ಗೊಣಗಿತು. ಗೊಣಗಲಿ ಎಂದು ರೂಪಶ್ರೀ ಕೈ ಬಿಡಿಸಿಕೊಳ್ಳಲಿಲ್ಲ.